ಪುಸ್ತಕದಲ್ಲಿತ್ತು, ನನ್ನ ಹಾಳೆಯಲ್ಲಿ ಇರಲಿಲ್ಲ

ಸ್ವಲ್ಪ ಉದ್ದ ಇದೆ. ಪುರುಸೊತ್ತಲ್ಲಿ ಓದಿ.

ನಮ್ಮ ಕೇರಿಯ ಹುಡುಗಿಯೊಬ್ಬಳು ಈ ವರ್ಷ ಯೂನಿವರ್ಸಿಟಿಯಲ್ಲಿ ಆಹಾರ ಮತ್ತು ಪೋಷಣಾ ವಿಜ್ಞಾನ ಓದೋಕೆ ಸೇರಿದ್ದಾಳೆ. ಮೊನ್ನೆ ಫೋನ್ ಮಾಡಿದ್ಲು. "ಅಕ್ಕ, ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ತಿಂದದ್ದೆಲ್ಲ ಬರ್ಕೊಂಡು ಬನ್ನಿ ಅಂದವ್ರೆ. ಮನೇಲಿ ದನದ ಬಾಡು ಮಾಡಿದ್ರು. ಏನಂತ ಬರೀಲಿ?"

ನಾನೂ ಅದೇ ಓದಿದವಳು. 24 ಗಂಟೆಯಲ್ಲಿ ತಿಂದದ್ದನ್ನು ನೆನಪು ಮಾಡಿಕೊಂಡು ಬರೆದು, ಗ್ರಾಂ ಲೆಕ್ಕಕ್ಕೆ ಇಳಿಸಿ, ಕೋಷ್ಟಕ ನೋಡಿ ಪ್ರೋಟೀನ್, ಕಬ್ಬಿಣ, ಕ್ಯಾಲ್ಸಿಯಂ ಕಂಡುಹಿಡಿಯೋ ಪಾಠ ಅದು. ನಾನು ಅವತ್ತು ತಿಂದಿದ್ದು ಮುದ್ದೆ, ದನದ ಬಾಡಿನ ಸಾರು. ಬರೆದದ್ದು ಮುದ್ದೆ, ಬೇಳೆ ಸಾರು. ಪಕ್ಕದಲ್ಲಿ ಕೂತವಳು ಹಾಳೆ ನೋಡಿಬಿಟ್ಟರೆ ಅನ್ನೋ ಭಯ. ಲೆಕ್ಕದಲ್ಲಿ ಪ್ರೋಟೀನ್ ಕಡಿಮೆ ಬಂತು. ಮೇಡಂ ಕೆಂಪು ಇಂಕಿನಲ್ಲಿ "ಬೇಳೆಕಾಳು, ಹಾಲು ಹೆಚ್ಚಿಸಿ" ಅಂತ ಬರೆದರು.

ಆ ಕೋಷ್ಟಕದ ಚರಿತ್ರೆ ನನಗೆ ಆಮೇಲೆ ಗೊತ್ತಾಯಿತು. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಒಂದೇ ಕೋಣೆಯಲ್ಲಿ ಬೆರಿಬೆರಿ ರೋಗದ ಸಂಶೋಧನೆ ಶುರು ಮಾಡಿದರು. ಅದೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರು ಪಡೆಯಿತು. 1971ರಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು ತಂದ ಪುಸ್ತಕವನ್ನೇ ನಾವೆಲ್ಲ ಓದಿದ್ದು. ಅದರಲ್ಲಿ 100 ಗ್ರಾಂ ರಾಗಿಗೆ 344 ಮಿಲಿಗ್ರಾಂ ಕ್ಯಾಲ್ಸಿಯಂ, ಪಾಲಿಶ್ ಅಕ್ಕಿಗೆ 10. ಕುರಿ ಮಾಂಸಕ್ಕೆ 18.5 ಗ್ರಾಂ ಪ್ರೋಟೀನ್, ದನದ ಮಾಂಸಕ್ಕೆ 22.6. 2017ರ ಹೊಸ ಕೋಷ್ಟಕದಲ್ಲೂ ದನದ ಮಾಂಸ ಇದೆ.

ಅಂದರೆ ವಿಜ್ಞಾನ ನಮ್ಮ ಊಟವನ್ನು ತೂಕ ಮಾಡಿ ಬರೆದಿಟ್ಟಿದೆ. ಕ್ಲಾಸಲ್ಲಿ ಆ ಸಾಲನ್ನು ಯಾರೂ ಓದಲಿಲ್ಲ. ಕೇರಿಯ ಮಕ್ಕಳಂಥ ಮಕ್ಕಳ ಫೋಟೋ ಮಾತ್ರ ಅಪೌಷ್ಟಿಕತೆ ಪಾಠದಲ್ಲಿ ಬಂತು. ರೋಗದ ಪಾಠಕ್ಕೆ ನಾವು ಬೇಕು, ಊಟದ ಪಾಠಕ್ಕೆ ಬೇಡ.

ಇದು ಬರೀ ನನ್ನೊಬ್ಬಳ ನಾಚಿಕೆ ಕತೆ ಆಗಿದ್ದರೆ ಬರೀತಿರಲಿಲ್ಲ. ಜನ ಏನು ತಿಂತಾರೆ ಅಂತ ನೋಡೋ ರಾಷ್ಟ್ರೀಯ ಪೋಷಣಾ ಸಮೀಕ್ಷೆಗಳಲ್ಲೂ ಇದೇ 24 ಗಂಟೆಯ ಪದ್ಧತಿ ಬಳಕೆಯಾಗಿದೆ. ಮನೆಬಾಗಿಲಿಗೆ ಬಂದ ಅಪರಿಚಿತರ ಮುಂದೆ ನಮ್ಮವ್ವಂದಿರು ಬಾಡು ಅಂತಾರಾ, ಬೇಳೆ ಅಂತಾರಾ? ಬಾಲ್ಮುರಳಿ ನಟರಾಜನ್ ಮತ್ತು ಸೂರಜ್ ಜೇಕಬ್ 2018ರಲ್ಲಿ ಇದನ್ನೇ ಎತ್ತಿ ತೋರಿಸಿದರು: ಸರ್ಕಾರಿ ಲೆಕ್ಕದಲ್ಲಿ ದನದ ಮಾಂಸ ತಿನ್ನೋರು ಶೇ. 7ರಷ್ಟು, ನಿಜದಲ್ಲಿ ಶೇ. 15ರ ಹತ್ತಿರ ಇರಬಹುದು. ಉಳಿದವರು ಹೇಳಿಕೊಳ್ಳೋದಿಲ್ಲ. ನನ್ನ ಬೇಳೆ ಸಾರಿನಂಥ ಸುಳ್ಳುಗಳೇ ಸೇರಿ ಅಂಕಿಅಂಶ ಆಗುತ್ತವೆ. ಆ ಅಂಕಿಅಂಶದ ಮೇಲೆ ನಮ್ಮ ಮಕ್ಕಳ ತಟ್ಟೆಗೆ ಏನು ಬೀಳಬೇಕು ಅನ್ನೋದು ತೀರ್ಮಾನ ಆಗುತ್ತೆ.

2021ರಲ್ಲಿ ಕರ್ನಾಟಕದ ಜಾನುವಾರು ಹತ್ಯೆ ತಡೆ ಕಾಯ್ದೆ ಜಾರಿಗೆ ಬಂದ ಮೇಲೆ ನಾಚಿಕೆ ಜೊತೆ ಭಯವೂ ಸೇರಿದೆ. ಹಾಗಾಗಿ "ಧೈರ್ಯವಾಗಿ ಬರಿ" ಅಂತ ಫೋನಲ್ಲಿ ಹೇಳೋದು ನನಗೆ ಸುಲಭ, ಆ ಬೆಂಚಲ್ಲಿ ಕೂರಬೇಕಾದವಳು ಅವಳು. ನಾನು ಸುಳ್ಳು ಬರೆದದ್ದನ್ನೂ, ಪುಸ್ತಕದಲ್ಲಿ ಏನಿದೆ ಅನ್ನೋದನ್ನೂ ಹೇಳಿದೆ. ತೀರ್ಮಾನ ಅವಳದ್ದು.

ಪೋಷಣೆ ಪಾಠ ಮಾಡೋ ಮೇಷ್ಟ್ರು, ಮೇಡಂಗಳಲ್ಲಿ ಒಂದೇ ಮನವಿ. ಮಕ್ಕಳಿಗೆ "ತಿಂದದ್ದು ಬರೀರಿ" ಅನ್ನೋ ಮೊದಲು ಆ ಸಾಲನ್ನು ಕ್ಲಾಸಲ್ಲಿ ಒಂದ್ಸಲ ಜೋರಾಗಿ ಓದಿ. ಆಮೇಲೆ ಹಾಳೆ ಕೊಡಿ.

ಜೈ ಭೀಮ್.