ಯಾದವಗಿರಿಯ ಇಂಜಿನ್

ಅಪ್ಪ ತೀರಿಕೊಂಡ ಮೇಲೆ ಅವರ ಜಾವಾ ಮೈಸೂರಿನ ಮನೆಯ ಹಿತ್ತಲ ಶೆಡ್ಡಿನಲ್ಲಿ ಹನ್ನೊಂದು ವರ್ಷ ಹಾಗೇ ನಿಂತಿತ್ತು. ಎರಡು ವರ್ಷದ ಹಿಂದೆ ರಜೆಗೆ ಹೋದಾಗ ತಮ್ಮ ಆ ಶೆಡ್ಡು ಕೆಡವಿ ಬಾಡಿಗೆಗೆ ಎರಡು ಕೋಣೆ ಕಟ್ಟಿಸುವ ಮಾತು ತೆಗೆದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದವರು ತಲೆ ಎತ್ತದೆ, "ಓಡೋ ಹಾಗಿದ್ರೆ ಇಟ್ಕೊಳ್ಳಿ. ಇಲ್ದಿದ್ರೆ ಗುಜರಿಯವನಿಗೆ ಹೇಳ್ಬಿಡಿ" ಅಂದರು. ನನ್ನ ಕೈಯಲ್ಲಿದ್ದದ್ದು 32 ದಿನದ ರಜೆ. ನಾನು ಶಾರ್ಜಾದಲ್ಲಿ ಲೆಕ್ಕಪತ್ರ ಬರೆಯುವವನು. ಅದುವರೆಗೆ ಸ್ಪಾರ್ಕ್ ಪ್ಲಗ್ ಬಿಟ್ಟು ಬೇರೇನನ್ನೂ ಬಿಚ್ಚಿದವನಲ್ಲ.

ಆ ಗಾಡಿಯ ಕಥೆ ನಮ್ಮ ಮನೆಯಿಂದ ಬಹಳ ದೂರದಲ್ಲಿ ಶುರುವಾಗುತ್ತದೆ. ಪ್ರಾಗ್ ನಗರದಲ್ಲಿ ಶಸ್ತ್ರಾಸ್ತ್ರ ತಯಾರಿಸುತ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್ ಎಂಬವರು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿನ್ಯಾಸವನ್ನು ಕೊಂಡು ತಯಾರಿಕೆಗೆ ಇಳಿದರು. ಇಬ್ಬರ ಹೆಸರಿನ ಮೊದಲ ಎರಡೆರಡು ಅಕ್ಷರ ಸೇರಿ ಜಾವಾ ಆಯಿತು. ಮೊದಲ 500 ಸಿಸಿ ಗಾಡಿ ದುಬಾರಿ. ಕಂಪನಿಯನ್ನು ಬದುಕಿಸಿದ್ದು ಮುಂದೆ ಬಂದ ಇಂಗ್ಲೆಂಡಿನ ವಿಲಿಯರ್ಸ್ ಇಂಜಿನ್ನಿನ ಅಗ್ಗದ ಟೂ ಸ್ಟ್ರೋಕ್ ಗಾಡಿ. ಯುದ್ಧಕಾಲದಲ್ಲಿ ಕಾರ್ಖಾನೆ ಜರ್ಮನರ ಹಿಡಿತದಲ್ಲಿದ್ದಾಗ ಅಲ್ಲಿನ ಇಂಜಿನಿಯರುಗಳು ಗುಟ್ಟಾಗಿ ಹೊಸ 250 ಸಿಸಿ ಗಾಡಿಯೊಂದನ್ನು ರೂಪಿಸುತ್ತಿದ್ದರು. 1946ರಲ್ಲಿ ಪೆರಾಕ್ ಎಂಬ ಹೆಸರಿನಲ್ಲಿ ಅದು ಹೊರಬಂತು. ಅದರ ಮುಂದಿನ ಪೀಳಿಗೆಯ 353 ಮಾದರಿಯೇ ನಮ್ಮೂರಿಗೆ ಬಂದದ್ದು.

ಮೈಸೂರಿಗೆ ತಂದವರು ಮುಂಬಯಿಯ ರುಸ್ತುಂ ಇರಾನಿ, ಫಾರೂಖ್ ಇರಾನಿ. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು. ಮರುವರ್ಷ ಯಾದವಗಿರಿಯ ಕಾರ್ಖಾನೆಯಿಂದ ಗಾಡಿಗಳು ಬರತೊಡಗಿದವು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರೇ ಕಾರ್ಖಾನೆ ಉದ್ಘಾಟಿಸಿದರು. 1973ರಿಂದ ಜಾವಾ ಹೋಗಿ ಟ್ಯಾಂಕಿನ ಮೇಲೆ ಯೆಜ್ಡಿ ಎಂಬ ಹೆಸರು ಬಂತು. ಇರಾನಿನ ಯಜ್ದ್ ನಗರದಿಂದ ಬಂದ ಹೆಸರು ಅದು ಎನ್ನುತ್ತಾರೆ. ಮುಂಬಯಿಯ ಇರಾನಿ ಮನೆತನಗಳಲ್ಲಿ ಎಷ್ಟೋ ಮಂದಿಯ ಮೂಲ ಆ ಸೀಮೆಯೇ. ದುಬೈ ಕ್ರೀಕಿನ ದಂಡೆಯಲ್ಲಿ ಇರಾನಿಗೆ ಹೊರಡುವ ಮರದ ಹಡಗುಗಳಿಗೆ ಫ್ರಿಜ್ಜು, ಟೈರು ತುಂಬುವುದನ್ನು ನೀವೂ ನೋಡಿರುತ್ತೀರಿ. ಈಗ ಅಲ್ಲಿ ನಿಂತರೆ ನನಗೆ ಯಾದವಗಿರಿಯ ಗೇಟು ನೆನಪಾಗುತ್ತದೆ. ಇನ್ನೊಂದು ತಮಾಷೆ: ಚೆಕ್ ಭಾಷೆಯಲ್ಲಿ 'ಯೆಜ್ದೀ' ಎಂದರೆ 'ಸವಾರಿ ಮಾಡುತ್ತಾನೆ' ಎಂದೇ ಅರ್ಥ.

ಅಪ್ಪನದು 1968ರ ಜಾವಾ. ಕೊಂಡದ್ದು 1974ರಲ್ಲಿ, ಸೆಕೆಂಡ್ ಹ್ಯಾಂಡ್. ತಿ. ನರಸೀಪುರದ ಹೈಸ್ಕೂಲಿಗೆ ದಿನಾ ಅದರಲ್ಲೇ ಹೋಗಿ ಬರುತ್ತಿದ್ದರು. ಸಂಜೆ ಬೀದಿಯ ತಿರುವಿನಲ್ಲಿ ಸದ್ದು ಕೇಳಿದರೆ ಅಮ್ಮ ಕಾಫಿಗೆ ಹಾಲಿಡುತ್ತಿದ್ದರು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇರುವ ಈ ಗಾಡಿಯ ಸದ್ದನ್ನು ಬೇರೊಂದು ಗಾಡಿಯದೆಂದು ಯಾರೂ ತಪ್ಪು ತಿಳಿಯಲಾರರು. ಕಿಕ್ಕರ್ ಇರುವುದು ಎಡಗಡೆ, ಗೇರ್ ಲಿವರೂ ಅದೇ. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮುಂದಕ್ಕೆ ಬಿಟ್ಟರೆ ಗೇರ್. ಆ ಲಿವರನ್ನು ತುಳಿದರೆ ಕ್ಲಚ್ ತಾನಾಗಿ ಬಿಡುತ್ತದೆ. ಕೈಯ ಕ್ಲಚ್ ಹಿಡಿಯದೆಯೇ ಗೇರ್ ಬದಲಿಸಬಹುದು.

ಪಕ್ಕದ ಬೀದಿಯಲ್ಲಿ ಕಾರ್ಖಾನೆಯ ಇಂಜಿನ್ ಜೋಡಣೆಯಲ್ಲಿದ್ದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಚಿಕ್ಕಂದಿನಿಂದ ನಮಗೆ ಅವರು ಮಾವ. ಹೋಗಿ ಕೇಳಿದೆ. "ನಾನು ಸ್ಪ್ಯಾನರ್ ಮುಟ್ಟಲ್ಲಪ್ಪಾ, ಕೈ ನಡುಗ್ತದೆ. ಕುರ್ಚಿ ಹಾಕು, ಕೂತು ಹೇಳ್ತೀನಿ" ಅಂದರು.

ಟೂ ಸ್ಟ್ರೋಕ್ ಇಂಜಿನ್ ನೋಡಲು ಸರಳ. ವಾಲ್ವ್ ಇಲ್ಲ, ಕ್ಯಾಮ್ ಶಾಫ್ಟ್ ಇಲ್ಲ, 65 ಮಿ.ಮೀ. ಅಗಲದ ಪಿಸ್ಟನ್ ಒಂದು ಸಿಲಿಂಡರಿನಲ್ಲಿ 75 ಮಿ.ಮೀ. ಮೇಲೆ ಕೆಳಗೆ ಓಡಾಡುತ್ತದೆ, ಅಷ್ಟೇ. ಆದರೆ ಅದರ ಗುಟ್ಟಿರುವುದು ಕೆಳಗೆ. ಪಿಸ್ಟನ್ ಮೇಲೇರುವಾಗ ಪೆಟ್ರೋಲು ಆಯಿಲಿನ ಮಿಶ್ರಣ ಕ್ರ್ಯಾಂಕ್ ಇರುವ ಕೋಣೆಗೆ ಎಳೆದುಕೊಳ್ಳುತ್ತದೆ. ಇಳಿಯುವಾಗ ಅಲ್ಲೇ ಒತ್ತಲ್ಪಟ್ಟು ಪಕ್ಕದ ದಾರಿಗಳಿಂದ ಮೇಲಕ್ಕೆ ನುಗ್ಗುತ್ತದೆ. ಹಾಗಾಗಿ ಆ ಕೋಣೆಯಲ್ಲಿ ಗಾಳಿ ಸೋರಬಾರದು. ಕ್ರ್ಯಾಂಕಿನ ಎರಡೂ ತುದಿ ಹೊರಬರುವ ಕಡೆ ಇರುವ ಬೆರಳಗಲದ ರಬ್ಬರ್ ಸೀಲುಗಳು ಗಟ್ಟಿಯಾದರೆ ಎಷ್ಟು ಒಳ್ಳೆಯ ಪಿಸ್ಟನ್ ಹಾಕಿದರೂ ಗಾಡಿ ನೆಟ್ಟಗೆ ಓಡದು. ಹನ್ನೊಂದು ವರ್ಷ ನಿಂತ ಗಾಡಿಯಲ್ಲಿ ಅವು ಬಿಸ್ಕತ್ತಿನ ಹಾಗೆ ಮುರಿದವು.

ಬಿಚ್ಚಲು ಐದು ದಿನ ಹಿಡಿಯಿತು. ಸೀಜ್ ಆಗಿದ್ದ ಪಿಸ್ಟನ್ನಿಗೆ ಪ್ಲಗ್ಗಿನ ತೂತಿನಿಂದ ಸೀಮೆಎಣ್ಣೆ, ಆಯಿಲ್ ಬಿಟ್ಟು ಎರಡು ರಾತ್ರಿ ಕಾದೆವು. ಬಲಗಡೆ ಕ್ರ್ಯಾಂಕಿನ ತುದಿಯಲ್ಲೇ ಕೂತ 6 ವೋಲ್ಟಿನ ಡೈನಮೊ ಪುಲ್ಲರ್ ಇಲ್ಲದೆ ಬರುವುದಿಲ್ಲ. ಸುತ್ತಿಗೆ ಎತ್ತಿದಾಗ ಮಾವ ಬೈದದ್ದು ಅದೊಂದೇ ಸಲ. ಕ್ರ್ಯಾಂಕ್ ಕೆಲಸ ಮನೆಯಲ್ಲಿ ಆಗುವುದಲ್ಲ. ಅದು ಬಿಗಿಯಾಗಿ ಒತ್ತಿ ಕೂಡಿಸಿದ ತುಂಡುಗಳದು; ಪಿನ್ನು, ರಾಡು ಬದಲಿಸಲು ಪ್ರೆಸ್ ಬೇಕು, ಆಮೇಲೆ ಎರಡು ಚಕ್ರವೂ ಒಂದೇ ನೇರದಲ್ಲಿ ತಿರುಗುವಂತೆ ಸರಿಪಡಿಸಬೇಕು. ಮಂಡಿ ಮೊಹಲ್ಲಾ ಕಡೆಯ ಲೇತಿನ ಸಾಬರು ಡಯಲ್ ಗೇಜ್ ಇಟ್ಟು, ತಾಮ್ರದ ಸುತ್ತಿಗೆಯಲ್ಲಿ ತಟ್ಟಿ ನೇರ ಮಾಡಿಕೊಟ್ಟರು. ಬೋರಿಂಗ್ ಕೂಡ ಅಲ್ಲೇ. ಪಿಸ್ಟನ್ ಮೊದಲು ಕೊಟ್ಟು, ಅದನ್ನು ಅಳೆದು ಆಮೇಲೆ ಸಿಲಿಂಡರ್ ಕೊರೆಸಬೇಕು. ತಿರುವುಮುರುವು ಮಾಡುವವರು ಬಹಳ ಮಂದಿ.

ಬೇರಿಂಗ್ ಕೂರಿಸುವುದು ಮಾತ್ರ ಮನೆಯದೇ ಕೆಲಸ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಕೇಸನ್ನು ಬಿಸಿ ಮಾಡಿ, ಬೇರಿಂಗನ್ನು ಫ್ರೀಜರಿನಲ್ಲಿಟ್ಟರೆ ಸುತ್ತಿಗೆಯೇ ಬೇಡ. ಅಮ್ಮ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ ದೋಸೆ ಕಾವಲಿಯ ಮೇಲೆ ಕೇಸ್ ಇಟ್ಟೆ. ನೀರು ಚಿಮುಕಿಸಿದರೆ ಚುಂಯ್ ಎನ್ನುವಷ್ಟು ಕಾದಾಗ ಬೇರಿಂಗ್ ಟಪ್ಪನೆ ತಾನೇ ಒಳಗೆ ಕೂತಿತು. ಮನೆ ತುಂಬ ಸುಟ್ಟ ಆಯಿಲ್ ವಾಸನೆ. "ಆ ಕಾವಲಿ ಇನ್ನು ನಂಗೆ ಬೇಡ, ನಿನ್ನ ಗಾಡಿಗೇ ಇಟ್ಕೋ" ಅಂದರು ಅಮ್ಮ.

ರಜೆಯ 27ನೇ ದಿನ ಗಾಡಿ ಸ್ಟಾರ್ಟಾಯಿತು. ಬೀದಿಯವರೆಲ್ಲ ಬಂದರು. ಹತ್ತು ನಿಮಿಷವಾದರೂ ಬಿಳಿ ಹೊಗೆ ನಿಲ್ಲಲಿಲ್ಲ. ಮಾವ ಸೈಲೆನ್ಸರ್ ಹತ್ತಿರ ಬಗ್ಗಿ ಮೂಸಿ, "ಗೇರ್ ಆಯಿಲ್ ಕುಡೀತಿದೆ ಕಣಪ್ಪ" ಅಂದರು. ತಪ್ಪು ನನ್ನದೇ. ಎಡಗಡೆಯ ಸೀಲನ್ನು ಶಾಫ್ಟಿಗೆ ತೂರಿಸುವಾಗ, ಕೀ ಕೂರುವ ಗಾಡಿಯ ಚೂಪು ಅಂಚಿಗೆ ಕಾಗದ ಸುತ್ತಬೇಕೆಂದು ಅವರು ಹೇಳಿದ್ದರು. ಅವಸರದಲ್ಲಿ ಸುತ್ತಿರಲಿಲ್ಲ. ಸೀಲಿನ ತುಟಿ ಹರಿದು, ಗೇರ್ ಬಾಕ್ಸಿನ ಆಯಿಲನ್ನು ಇಂಜಿನ್ ಎಳೆದುಕೊಳ್ಳುತ್ತಿತ್ತು. ಅಷ್ಟಕ್ಕಾಗಿ ಪೂರ್ತಿ ಮತ್ತೆ ಬಿಚ್ಚಬೇಕು, ಉಳಿದದ್ದು ಐದು ದಿನ. ತಮ್ಮ ಏನೂ ಅನ್ನಲಿಲ್ಲ. ಏರ್‌ಪೋರ್ಟಿಗೆ ಬಿಡಲು ಬಂದವನು ಕಾರಿನಿಂದ ಇಳಿಯುವಾಗ, "ಇನ್ನೊಂದು ವರ್ಷ ಶೆಡ್ಡು ಹಾಗೇ ಇರ್ಲಿ ಬಿಡಣ್ಣ" ಅಂದ.

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದ ಬೇರಿಂಗ್ ಅಂಗಡಿಯಲ್ಲಿ, ಯಾವ ಗಾಡಿಗೆ ಎಂದು ಕೇಳಿದಾಗ ಮೂರು ಸಂಖ್ಯೆ ಬರೆದುಕೊಟ್ಟೆ: ಒಳ ಅಳತೆ, ಹೊರ ಅಳತೆ, ದಪ್ಪ. ಸೀಲು, ಬೇರಿಂಗುಗಳು ಲೋಕವೆಲ್ಲ ಒಂದೇ ಅಳತೆಪಟ್ಟಿಯಲ್ಲಿ ಸಿಗುತ್ತವೆ. ಕಾರ್ಖಾನೆ ಹೋದ ಮೇಲೂ ಈ ಗಾಡಿಗಳು ಉಳಿದಿರುವುದಕ್ಕೆ ಅರ್ಧ ಕಾರಣ ಇದು. ಇನ್ನರ್ಧ ಮಾವನಂಥವರು.

ಕಾರ್ಖಾನೆ ಹೋದದ್ದು 1996ರಲ್ಲಿ. ಎಂಬತ್ತರ ದಶಕದ ನಡುವೆ ಹೀರೋ ಹೋಂಡಾ, ಯಮಹಾ, ಸುಜುಕಿಯ ಪುಟ್ಟ 100 ಸಿಸಿ ಗಾಡಿಗಳು ಬಂದವು; ಪೆಟ್ರೋಲ್ ಉಳಿಸುವವರಿಗೆ 250 ಸಿಸಿ ಬೇಡವಾಯಿತು. ಹೊಗೆಯ ನಿಯಮಗಳೂ ಬಿಗಿಯಾದವು. 1978ರಲ್ಲಿ ಬಂದ ರೋಡ್‌ಕಿಂಗ್ ಒಳ್ಳೆಯ ಗಾಡಿಯೇ, ಆದರೆ ಅದಾದ ಮೇಲೆ ಹೊಸದನ್ನು ಹೆಚ್ಚಾಗಿ ಯೋಚಿಸಲಿಲ್ಲ ಎಂಬುದು ನನ್ನ ಅಭಿಪ್ರಾಯ. ಮಾವ ಇದನ್ನು ಒಪ್ಪುವುದಿಲ್ಲ. 2018ರಲ್ಲಿ ಜಾವಾ ಹೆಸರಿನ ಹೊಸ ಗಾಡಿಗಳು ಬಂದವು. ಅವು ಫೋರ್ ಸ್ಟ್ರೋಕ್. ಅವನ್ನು ತೋರಿಸಿದರೆ ಮಾವ ಚೆನ್ನಾಗಿದೆ ಅನ್ನುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ.

ಮರುವರ್ಷ ಹನ್ನೆರಡು ದಿನದಲ್ಲಿ ಕೆಲಸ ಮುಗಿಯಿತು. ಈ ಸಲ ಶಾಫ್ಟಿಗೆ ಕಾಗದ, ಅದರ ಮೇಲೆ ಗ್ರೀಸ್. ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಲೀಟರ್ ಪೆಟ್ರೋಲಿಗೆ 50 ಮಿ.ಲೀ. ಆಯಿಲ್. ಮೂರನೇ ಕಿಕ್ಕಿಗೆ ಹಿಡಿಯಿತು, ಸ್ವಲ್ಪ ಹೊತ್ತಿಗೆ ಹೊಗೆ ತೆಳುವಾಯಿತು. ಮಾವ ಮೂಸಿ ನೋಡಿ ತಲೆಯಾಡಿಸಿದರು. ನಾನು ಬೀದಿಯ ಕೊನೆವರೆಗೆ ಹೋಗಿ ತಿರುಗಿಸಿಕೊಂಡು ಬಂದೆ. ಅಡುಗೆಮನೆಗೆ ಹೋದರೆ ಒಲೆಯ ಮೇಲೆ ಹಾಲಿತ್ತು. ಅಮ್ಮ ಬೆನ್ನು ತಿರುಗಿಸಿಯೇ, "ಹೊಗೆ ಒಳಗೆ ಬರ್ತಿದೆ, ಗಾಡಿ ಆಚೆ ನಿಲ್ಸು" ಅಂದರು.

ಶೆಡ್ಡು ಈಗಿಲ್ಲ. ಗಾಡಿ ಮೆಟ್ಟಿಲ ಕೆಳಗಿದೆ. ಎಥನಾಲ್ ಬೆರೆಸಿದ ಈಗಿನ ಪೆಟ್ರೋಲ್ ನೀರು ಹೀರಿ ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ, ಹಾಗೇ ಬಿಡಬೇಡ ಎಂದು ಹೇಳಿ ಬಂದಿದ್ದೇನೆ. ತಮ್ಮ ಭಾನುವಾರ ಭಾನುವಾರ ಸ್ಟಾರ್ಟ್ ಮಾಡಿ ಸದ್ದನ್ನು ವಾಟ್ಸಾಪಿನಲ್ಲಿ ಕಳಿಸುತ್ತಾನೆ. ಹೋದ ವಾರದ್ದರಲ್ಲಿ ನಡುನಡುವೆ ಒಂದು ತಪ್ಪುತ್ತಿತ್ತು. ಪಾಯಿಂಟ್ ನೋಡು ಅಂತ ಬರೆದಿದ್ದೇನೆ.