ಹಣೆಗೆ ಹಿಡಿದ ಗನ್ನು

ನಮ್ಮ ಅಡುಗೆಮನೆಯ ಡ್ರಾಯರ್‌ನಲ್ಲಿ ಮೇಣದಬತ್ತಿ, ಹಳೇ ಚಾರ್ಜರ್, ಅರ್ಧ ಖಾಲಿಯಾದ ಸೆಲ್ಲುಗಳ ನಡುವೆ ಒಂದು ಬಿಳಿ ಗನ್ನಿದೆ. 2020ರಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಡ್ಯೂಟಿ ಮಾಡಿದ ಥರ್ಮಾಮೀಟರ್ ಗನ್ನು ಅದು. ಕೊರೋನಾ ಗಲಾಟೆ ತಣ್ಣಗಾದ ಮೇಲೆ ಅಸೋಸಿಯೇಷನ್‌ನವರು ಅದನ್ನ ಎಸೆಯೋಕೆ ಹೊರಟಿದ್ದರು. ನಾನೇ ಕೇಳಿ ಇಟ್ಟುಕೊಂಡೆ. ಅದನ್ನ ಹಿಡಿದು ಗೇಟಲ್ಲಿ ನಿಂತವರಲ್ಲಿ ನಾನೂ ಒಬ್ಬ.

ಆ ವರ್ಷ ಮೇ ಕೊನೆಯ ವಾರ. ಮನೆಕೆಲಸದವರನ್ನು ಮತ್ತೆ ಒಳಗೆ ಬಿಡಬಹುದು ಅಂತ ಆಗಿತ್ತು. ಸೆಕ್ಯೂರಿಟಿಯವರಿಗೆ ಜತೆಯಾಗಿ ನಿವಾಸಿಗಳೂ ಪಾಳಿಯ ಮೇಲೆ ಗೇಟಲ್ಲಿ ನಿಲ್ಲಬೇಕಿತ್ತು. ಬೆಳಗ್ಗೆ ಹತ್ತೂವರೆ ಹೊತ್ತಿಗೆ ನಮ್ಮ ಬ್ಲಾಕಿನ ನಾಲ್ಕು ಮನೆಗೆ ಕೆಲಸಕ್ಕೆ ಬರುವ ಅಕ್ಕ ಬಂದರು. ಹಣೆಗೆ ಗನ್ ಹಿಡಿದೆ. 38.1. ನಮ್ಮ ನೋಟಿಸಿನ ಪ್ರಕಾರ 37.5 ದಾಟಿದರೆ ಪ್ರವೇಶ ಇಲ್ಲ. ಇನ್ನೊಮ್ಮೆ ಹಿಡಿದೆ, 38. "ಬಿಸ್ಲಲ್ಲಿ ನಡ್ಕೊಂಡ್ ಬಂದೆ ಅಣ್ಣಾ, ಜ್ವರ ಏನಿಲ್ಲ" ಅಂದರು. ನಾನು ಗನ್ನಿನ ಪರದೆಯನ್ನು ಅವರ ಕಡೆ ತಿರುಗಿಸಿ ತೋರಿಸಿದೆ, ಅದೇನೋ ಕೋರ್ಟಿನ ತೀರ್ಪು ಅನ್ನೋ ಹಾಗೆ. ಅವರು ವಾಪಸ್ ಹೋದರು. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಸುದ್ದಿ ಹರಡಿ, ನಾಲ್ಕರಲ್ಲಿ ಎರಡು ಮನೆಯವರು ಅವರನ್ನು ಮತ್ತೆ ಕರೆಯಲೇ ಇಲ್ಲ.

ಆ ಸಂಖ್ಯೆ ಎಲ್ಲಿಂದ ಬಂತು ಅಂತ ನಾನು ಹುಡುಕಿದ್ದು ಆಮೇಲೆ. ಹುಡುಕ್ತಾ ಹೋದರೆ ಕಥೆ 1800ನೇ ಇಸವಿಗೆ ಹೋಗಿ ನಿಂತಿತು.

ಇಂಗ್ಲೆಂಡಿನ ಸ್ಲೌ ಎಂಬ ಊರಲ್ಲಿ ವಿಲಿಯಂ ಹರ್ಷೆಲ್ ಇದ್ದ. ಜರ್ಮನಿಯ ಹ್ಯಾನೋವರ್‌ನಲ್ಲಿ ಹುಟ್ಟಿ, ಸಂಗೀತಗಾರನಾಗಿ ಇಂಗ್ಲೆಂಡಿಗೆ ಬಂದು, 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದವನು. ದೂರದರ್ಶಕದಲ್ಲಿ ಸೂರ್ಯನನ್ನು ನೋಡುವಾಗ ಬಣ್ಣದ ಗಾಜುಗಳನ್ನು ಹಾಕುತ್ತಿದ್ದ. ಕೆಲವು ಗಾಜಿನಲ್ಲಿ ಬೆಳಕು ಕಮ್ಮಿ, ಬಿಸಿ ಜಾಸ್ತಿ. ಇನ್ನು ಕೆಲವದರಲ್ಲಿ ಉಲ್ಟಾ. ಹಾಗಾದ್ರೆ ಒಂದೊಂದು ಬಣ್ಣದ ಬಿಸಿ ಒಂದೊಂದು ಥರ ಇರಬೇಕಲ್ಲ ಅಂದುಕೊಂಡು, ಪಟ್ಟಕದಿಂದ ಬಿಸಿಲನ್ನು ಬಣ್ಣಬಣ್ಣವಾಗಿ ಬಿಡಿಸಿ, ಒಂದೊಂದು ಬಣ್ಣಕ್ಕೂ ಥರ್ಮಾಮೀಟರ್ ಇಟ್ಟ. ನೇರಳೆಯಲ್ಲಿ 2 ಡಿಗ್ರಿ ಫ್ಯಾರನ್‌ಹೀಟ್ ಏರಿತು, ಹಸಿರಿನಲ್ಲಿ 3 ಚಿಲ್ಲರೆ, ಕೆಂಪಿನಲ್ಲಿ ಹತ್ತಿರಹತ್ತಿರ 7. ಕೆಂಪು ಮುಗಿದು ಬಣ್ಣವೇ ಇಲ್ಲದ ಜಾಗದಲ್ಲಿ ಇಟ್ಟರೆ ಅಲ್ಲಿ ಇನ್ನೂ ಹೆಚ್ಚು! ನಾವು ಶಾಲೆಯಲ್ಲಿ ಅವಕೆಂಪು ಕಿರಣ ಅಂತ ಓದಿದ್ದು, ಇನ್‌ಫ್ರಾರೆಡ್ ಅನ್ನೋದು ಇದೇ.

ಈ ಪ್ರಯೋಗದಲ್ಲಿ ನನಗೆ ತಟ್ಟಿದ್ದು ಬೇರೆ ವಿಷಯ. ಹರ್ಷೆಲ್ ಒಂದೇ ಥರ್ಮಾಮೀಟರ್ ಇಡಲಿಲ್ಲ. ಒಂದನ್ನು ಕಿರಣದ ದಾರಿಯಲ್ಲಿಟ್ಟು, ಉಳಿದವನ್ನು ಅದೇ ಮೇಜಿನ ಮೇಲೆ ಕಿರಣ ತಾಗದ ಹಾಗೆ ಪಕ್ಕಕ್ಕಿಟ್ಟ. ಕೋಣೆಯೇ ಬಿಸಿಯಾಗಿದ್ದರೆ ಪಕ್ಕದವೂ ಏರಬೇಕು. ಏರಿದ್ದು ಕಿರಣದಿಂದಲೋ ಸುತ್ತಲಿನ ಗಾಳಿಯಿಂದಲೋ ಅಂತ ತಿಳಿಯೋಕೆ ಹೋಲಿಸಿ ನೋಡಲೇಬೇಕು. ಗೇಟಲ್ಲಿ ನಾನು ಇದನ್ನ ಮಾಡಲಿಲ್ಲ. ಅದೇ ಬಿಸಿಲಲ್ಲಿ ನಿಂತಿದ್ದ ಸೆಕ್ಯೂರಿಟಿಯವರ ಹಣೆಗೆ ಒಂದು ಸಲ ಹಿಡಿದಿದ್ದರೆ ಸಾಕಿತ್ತು.

ತಮಾಷೆ ಅಂದ್ರೆ, ಇಷ್ಟು ಹುಷಾರಿ ಹರ್ಷೆಲ್ಲನೂ ಎಡವಿದ. ಅದು ಕಣ್ಣಿಗೆ ಕಾಣದ ಬೆಳಕು ಅಂತ ಮೊದಲು ಬರೆದವನು, ಅದೇ ವರ್ಷ ಮಾತು ಬದಲಿಸಿ, ಬೆಳಕೇ ಬೇರೆ ಶಾಖವೇ ಬೇರೆ ಅಂದ. ಮೊದಲ ಮಾತೇ ಸರಿಯಿತ್ತು. ಅಳತೆ ಸರಿಯಿದ್ದೂ ಅರ್ಥ ತಪ್ಪಬಹುದು.

ಸ್ಕಾಟ್ಲೆಂಡಿನ ಜಾನ್ ಲೆಸ್ಲಿಗೆ ಹರ್ಷೆಲ್ಲನ ಮೇಲೆ ನಂಬಿಕೆಯೇ ಇರಲಿಲ್ಲ. ಆದರೆ ನಮ್ಮ ಗನ್ನಿಗೆ ಬೇಕಾದ ಇನ್ನೊಂದು ಸತ್ಯ ಸಿಕ್ಕಿದ್ದು ಅವನಿಂದಲೇ. 1804ರಲ್ಲಿ ಅವನು ಪ್ರಕಟಿಸಿದ ಪ್ರಯೋಗ ಹೀಗಿದೆ: ಒಂದು ಚೌಕಾಕಾರದ ಲೋಹದ ಡಬ್ಬಿಗೆ ಬಿಸಿನೀರು ತುಂಬಿಸು. ಒಂದು ಮೈಗೆ ಕಪ್ಪು ಮಸಿ, ಇನ್ನೊಂದು ಮೈ ಥಳಥಳ ಹೊಳೆಯಲಿ. ಒಳಗಿರೋದು ಅದೇ ನೀರು, ಅದೇ ಬಿಸಿ. ಆದರೂ ಕಪ್ಪು ಮೈ ಸೂಸುವ ಶಾಖ ಹೊಳೆಯುವ ಮೈಗಿಂತ ಎಷ್ಟೋ ಪಟ್ಟು ಹೆಚ್ಚು.

ಇದನ್ನ ನಮ್ಮ ಮನೆಯಲ್ಲೇ ಮಾಡಿ ನೋಡಿದೆ. ಸ್ಟೀಲ್ ಪಾತ್ರೆಯಲ್ಲಿ ನೀರು ಕುದೀತಾ ಇದೆ, ಗನ್ ಹೊರಮೈಗೆ ಹಿಡಿದರೆ ನಲವತ್ತರ ಆಸುಪಾಸು ತೋರಿಸುತ್ತೆ. ಒಲೆ ಆರಿಸಿ, ಅದೇ ಪಾತ್ರೆಗೆ ಎಲೆಕ್ಟ್ರಿಷಿಯನ್‌ಗಳು ಬಳಸುವ ಕಪ್ಪು ಟೇಪಿನ ತುಂಡು ಅಂಟಿಸಿ ಹಿಡಿದೆ, ತೊಂಬತ್ತರ ಹತ್ತಿರ! ಹೊಳೆಯುವ ಸ್ಟೀಲು ತನ್ನ ಬಿಸಿಯನ್ನು ಸರಿಯಾಗಿ ಹೇಳೋದೇ ಇಲ್ಲ, ಕನ್ನಡಿಯ ಹಾಗೆ ಎದುರಿನ ಗೋಡೆಯ ಬಿಸಿಯನ್ನು ತೋರಿಸುತ್ತೆ. ಕಬ್ಬಿಣದ ದೋಸೆಕಾವಲಿ ಕಪ್ಪಗಿರೋದ್ರಿಂದ ಹೆಚ್ಚುಕಮ್ಮಿ ನಿಜ ಹೇಳುತ್ತೆ. ನಮ್ಮ ಚರ್ಮವೂ ಅಷ್ಟೇ. ಮೈಬಣ್ಣ ಯಾವುದೇ ಇರಲಿ, ಈ ಕಿರಣಗಳ ಲೆಕ್ಕದಲ್ಲಿ ಎಲ್ಲರ ಚರ್ಮವೂ ಕಪ್ಪೇ.

ಇನ್ನು ಗನ್ನಿನ ಒಳಗಿನ ಕಣ್ಣು. 1830ರ ಹೊತ್ತಿಗೆ ಇಟಲಿಯ ನೊಬಿಲಿ ಮತ್ತು ಮೆಲ್ಲೋನಿ ಎರಡು ಲೋಹದ ತುಂಡುಗಳ ಜೋಡಿಗಳನ್ನು ಸಾಲಾಗಿ ಬೆಸೆದು, ಶಾಖ ಬಿದ್ದರೆ ಚೂರು ವಿದ್ಯುತ್ ಹುಟ್ಟುವ ಉಪಕರಣ ಮಾಡಿದರು. ಹೆಸರು ಥರ್ಮೋಪೈಲ್. ಹತ್ತಾರು ಅಡಿ ದೂರದಲ್ಲಿ ನಿಂತ ಮನುಷ್ಯನ ಮೈಬಿಸಿಯನ್ನೂ ಅದು ಹಿಡಿಯುತ್ತಿತ್ತು. ಗಾಜು ಈ ಶಾಖವನ್ನು ತಡೆಯುತ್ತೆ ಅಂತ ಗೊತ್ತಾಗಿ ಮೆಲ್ಲೋನಿ ಕಲ್ಲುಪ್ಪಿನ ಮಸೂರ ಬಳಸಿದ. ಇವತ್ತಿನ ಗನ್ನಿನ ತುದಿಯಲ್ಲಿ ಇರೋದು ಅದೇ ಥರ್ಮೋಪೈಲ್, ಬೆರಳ ತುದಿಗಿಂತ ಚಿಕ್ಕದಾಗಿದೆ ಅಷ್ಟೇ. ಅದು ನಮ್ಮಿಂದ ಹೊರಟ ಕಿರಣವನ್ನು ತಗೊಳ್ಳುತ್ತೆ, ನಮ್ಮೊಳಗೆ ಏನನ್ನೂ ಬಿಡೋದಿಲ್ಲ. ಹಣೆಗೆ ಹಿಡಿದರೆ ಮೆದುಳು ಸುಡುತ್ತೆ ಅಂತ ಆಗ ಓಡಾಡಿದ ಫಾರ್ವರ್ಡ್ ಮೆಸೇಜು ಶುದ್ಧ ಸುಳ್ಳು. ಕಾರ್ಖಾನೆಗೆಂದು ಮಾಡಿದ ಗನ್ನಿನಲ್ಲಿ ಕೆಂಪು ಲೇಸರ್ ಇರುತ್ತೆ. ಅದು ಗುರಿ ತೋರಿಸೋಕೆ ಮಾತ್ರ, ಆದರೆ ಕಣ್ಣಿಗೆ ಬಿಡಬಾರದು.

1879ರಲ್ಲಿ ಸ್ಟೆಫಾನ್ ಸೂತ್ರ ಕೊಟ್ಟ: ಸೂಸುವ ಶಾಖ ನಿರಪೇಕ್ಷ ತಾಪಮಾನದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತೆ. ಲೆಕ್ಕ ಹಾಕಿದರೆ, 37 ಇದ್ದದ್ದು 38 ಆದಾಗ ಹಣೆ ಸೂಸುವ ಶಾಖ ಹೆಚ್ಚೋದು ನೂರಕ್ಕೆ ಒಂದು ಚಿಲ್ಲರೆ. ಅಷ್ಟು ಸಣ್ಣ ವ್ಯತ್ಯಾಸದ ಮೇಲೆ ನಾವು ಜನರನ್ನು ಒಳಗೆ, ಹೊರಗೆ ಅಂತ ವಿಂಗಡಿಸ್ತಾ ಇದ್ವಿ. ಮಸೂರದ ಮೇಲಿನ ಧೂಳು, ಹಣೆಯ ಬೆವರು, ವೀಕಾದ ಬ್ಯಾಟರಿ, ಯಾವುದಾದರೂ ಒಂದು ಸಾಕು ಲೆಕ್ಕ ಕೆಡೋಕೆ.

37 ಅನ್ನೋ ಸಂಖ್ಯೆಯಾದರೂ ಎಲ್ಲಿಯದು? ಜರ್ಮನಿಯ ಲೈಪ್ಸಿಗ್‌ನ ಡಾಕ್ಟರ್ ವುಂಡರ್‌ಲಿಷ್ ಸಾವಿರಾರು ರೋಗಿಗಳನ್ನು ಅಳೆದು 1868ರ ಪುಸ್ತಕದಲ್ಲಿ ಖಾಯಂ ಮಾಡಿದ್ದು. ಅವನು ಅಳೆದದ್ದು ಕಂಕುಳಲ್ಲಿ, ನಿಮಿಷಗಟ್ಟಲೆ ಕಾದು. ನಾವು ಅಳೆದದ್ದು ಹಣೆಯಲ್ಲಿ, ಒಂದು ಸೆಕೆಂಡಿನಲ್ಲಿ. ಹಣೆಯ ಚರ್ಮ ಮೈಯೊಳಗಿಗಿಂತ ತಣ್ಣಗಿರುತ್ತೆ, ಅದಕ್ಕೇ ಗನ್ನು 'ಬಾಡಿ' ಮೋಡಿನಲ್ಲಿ ಒಂದಿಷ್ಟು ಅಂದಾಜು ಸೇರಿಸಿ ತೋರಿಸುತ್ತೆ. 'ಸರ್ಫೇಸ್' ಮೋಡಿನಲ್ಲಿ ಇಟ್ಟುಬಿಟ್ಟರೆ ಎಲ್ಲರಿಗೂ 33, 34. ನಮ್ಮ ಗೇಟಲ್ಲಿ ಒಂದು ವಾರ ಇಡೀ ಅಪಾರ್ಟ್‌ಮೆಂಟೇ ಹಾಗೆ ತಣ್ಣಗಿತ್ತು, ಯಾರಿಗೂ ಅನುಮಾನ ಬರಲಿಲ್ಲ!

2003ರ ಸಾರ್ಸ್ ಕಾಲದಲ್ಲಿ ಏಷ್ಯಾದ ವಿಮಾನ ನಿಲ್ದಾಣಗಳಲ್ಲಿ, 2014ರ ಎಬೋಲಾ ಕಾಲದಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಇನ್‌ಫ್ರಾರೆಡ್ ಅಳತೆ ಬಳಕೆಯಲ್ಲಿತ್ತು. ಮುಟ್ಟದೆ ಅಳೆಯೋದು ದೊಡ್ಡ ಉಪಕಾರವೇ. ಆದರೆ ಅದನ್ನ ಬಳಸೋ ಕ್ರಮ ಕೈಪಿಡಿಯಲ್ಲಿತ್ತು, ಕೈಪಿಡಿ ಡಬ್ಬಿಯಲ್ಲೇ ಇತ್ತು. ಗನ್ನೂ ಮನುಷ್ಯರೂ ಒಂದೇ ನೆರಳಲ್ಲಿ ಹತ್ತರಿಂದ ಮೂವತ್ತು ನಿಮಿಷ ಇರಬೇಕು. ಹಣೆ ಒಣಗಿರಬೇಕು. ಹೇಳಿದಷ್ಟೇ ದೂರದಿಂದ ನೇರವಾಗಿ ಹಿಡಿಯಬೇಕು. ಮಸೂರವನ್ನು ಸ್ಪಿರಿಟ್ ತಾಕಿಸಿದ ಹತ್ತಿಯಿಂದ ಮೆಲ್ಲಗೆ ಒರೆಸಿ, ಪೂರ್ತಿ ಆರಿದ ಮೇಲೆ ಬಳಸಬೇಕು. ಬಳಸದೆ ಇಡುವಾಗ ಸೆಲ್ಲು ತೆಗೆದಿಡಬೇಕು. ಇದಕ್ಕೆ ನಾನೊಂದು ಸೇರಿಸುತ್ತೇನೆ: ಲೋಟದಲ್ಲಿ ಪುಡಿಮಾಡಿದ ಐಸು ತುಂಬಿ ಸ್ವಲ್ಪ ನೀರು ಹಾಕಿ ಕಲಕಿ, ಸರ್ಫೇಸ್ ಮೋಡಿನಲ್ಲಿ ಹತ್ತಿರದಿಂದ ಹಿಡಿದು ನೋಡಿ. ಸೊನ್ನೆಯ ಆಸುಪಾಸು ಬಂದರೆ ಗನ್ನು ಆರೋಗ್ಯವಾಗಿದೆ.

ಹೋದ ವರ್ಷ ಆ ಅಕ್ಕ ಲಿಫ್ಟ್ ಹತ್ತಿರ ಸಿಕ್ಕರು. ಈಗಲೂ ನಮ್ಮ ಬ್ಲಾಕಿಗೆ ಬರ್ತಾರೆ, ಉಳಿದ ಎರಡು ಮನೆಗೆ. ಧೈರ್ಯ ಮಾಡಿ ಹೇಳಿದೆ, "ಅಕ್ಕಾ, ಅವತ್ತು ನಿಮಗೆ ಜ್ವರ ಇರಲಿಲ್ಲ. ತಪ್ಪು ನಂದು."

ಅವರು ಒಂದು ಕ್ಷಣ ಯಾವತ್ತು ಅಂತ ಯೋಚಿಸಿ, ಆಮೇಲೆ ನಕ್ಕರು. "ನಾನ್ ಅವತ್ತೇ ಹೇಳಿದ್ನಲ್ಲ ಅಣ್ಣಾ, ಬಿಸ್ಲಲ್ಲಿ ಬಂದೆ ಅಂತ."

ಹೇಳಿದ್ದರು. ಗನ್ನು ತೋರಿಸಿದ್ದೂ ಅದನ್ನೇ: ಹಣೆ ಬಿಸಿಯಾಗಿದೆ, ಅಷ್ಟೇ. ಜ್ವರ ಅಂತ ಓದಿಕೊಂಡಿದ್ದು ನಾನು.