ಅಟ್ಟ ಹತ್ತಿದ ಯಂತ್ರ ಲಾರಿ ಹತ್ತಿದ್ದು

ಮರ ಸವರುವ, ಕಡಿಯುವ ಕೆಲಸಕ್ಕೆ ಬರುವ ಪುಟ್ಟ ಲೋಡರ್ ರಸ್ತೆಗೆಂದು ಹುಟ್ಟಿದ ಯಂತ್ರವಲ್ಲ. ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ಓಡಿದರೆ ಹೆಚ್ಚು. ಸ್ಪ್ರಿಂಗ್ ಇಲ್ಲದ ಚಕ್ರಗಳ ಮೇಲೆ ಡಾಂಬರು ರಸ್ತೆಯಲ್ಲಿ ಹೋದರೆ ಮೈ ನುಗ್ಗಾಗುತ್ತದೆ, ಟೈರು ಸವೆಯುತ್ತದೆ. ಕರ್ನಾಟಕದ ಬೀದಿಗಳಲ್ಲಿ ಎಲ್ಲರೂ ಜೆಸಿಬಿ ಎಂದು ಕರೆಯುವ ಹಳದಿ ಯಂತ್ರ ಇದಕ್ಕೆ ತದ್ವಿರುದ್ಧ. ಅದು ಗಂಟೆಗೆ ಸುಮಾರು ನಲವತ್ತು ಕಿಲೋಮೀಟರ್ ವೇಗದಲ್ಲಿ ತಾನೇ ಊರಿಂದೂರಿಗೆ ಹೋಗಿ ಕೆಲಸ ಮುಗಿಸಿ ಬರುತ್ತದೆ. ಪುಟ್ಟ ಲೋಡರನ್ನು ಮಾತ್ರ ಹೊತ್ತೇ ಒಯ್ಯಬೇಕು. ಅದನ್ನು ಯಾವುದರ ಮೇಲೆ ಹೇರಬೇಕು, ಹೇಗೆ ಹತ್ತಿಸಬೇಕು ಎಂಬ ತಲೆನೋವು ಅಮೆರಿಕದ ಮರಗೆಲಸದವರನ್ನು ಅರ್ಧ ಶತಮಾನದಿಂದ ಕಾಡಿದೆ. ಯಂತ್ರದ ಆಕಾರ ಬದಲಾಗುತ್ತ ಬಂದದ್ದರಲ್ಲೂ ಈ ತಲೆನೋವಿನ ಪಾಲು ದೊಡ್ಡದು.

ಅಮೆರಿಕದಲ್ಲಿ ಮರದ ಆರೈಕೆಯನ್ನು ಒಂದು ಕಸುಬಾಗಿ ನಿಲ್ಲಿಸಿದವನು ಜಾನ್ ಡೇವಿ. ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿ ಹುಟ್ಟಿ, ಒಹಾಯೊ ರಾಜ್ಯದ ಕೆಂಟ್ ಎಂಬ ಊರಿಗೆ ಬಂದು ನೆಲೆಸಿದ ತೋಟಗಾರ. 1880ರಲ್ಲಿ ಅವನು ತೊಡಗಿದ ಉದ್ಯಮ ಇಂದಿಗೂ ನಡೆಯುತ್ತಿದೆ. 1901ರಲ್ಲಿ ಅವನು ಬರೆದ ‘ದ ಟ್ರೀ ಡಾಕ್ಟರ್’ ಪುಸ್ತಕ ಈ ಕಸುಬಿಗೆ ಒಂದು ಘನತೆಯನ್ನೂ ತಂದಿತು. ಆಗ ಮರ ಹತ್ತುವವನ ಬಳಿ ಇದ್ದದ್ದು ಹಗ್ಗ, ಕೈಗರಗಸ, ಏಣಿ. ಕತ್ತರಿಸಿದ್ದನ್ನು ಸಾಗಿಸುವುದು ಕುದುರೆ ಗಾಡಿಯ ಪಾಲಿಗೆ, ಗಾಡಿಯ ತನಕ ಒಯ್ಯುವುದು ಕೂಲಿಯವನ ಹೆಗಲಿಗೆ. 1928ರಲ್ಲಿ ಪೆನ್ಸಿಲ್ವೇನಿಯಾದ ಆಸ್‌ಪ್ಲಂಡ್ ಸೋದರರು ವಿದ್ಯುತ್ ತಂತಿಗಳಿಗೆ ತಾಗುವ ಕೊಂಬೆಗಳನ್ನು ತೆಗೆಯುವ ಕಂಪನಿ ಕಟ್ಟಿದಾಗ ಗಾಡಿಯ ಜಾಗಕ್ಕೆ ಲಾರಿ ಬಂದಿತ್ತು. ಹೆಗಲು ಮಾತ್ರ ಹಾಗೇ ಉಳಿದಿತ್ತು.

ಹೆಗಲಿನ ಕಷ್ಟ ಎಷ್ಟೆಂಬುದಕ್ಕೆ ಒಂದು ಲೆಕ್ಕ ಸಾಕು. ಹಸಿ ಓಕ್ ಮರ ಒಂದು ಘನ ಮೀಟರಿಗೆ ಹತ್ತಿರ ಹತ್ತಿರ ಒಂದು ಟನ್ ತೂಗುತ್ತದೆ. ಅರುವತ್ತು ಸೆಂಟಿಮೀಟರ್ ಅಡ್ಡಳತೆಯ, ಎರಡೂವರೆ ಮೀಟರ್ ಉದ್ದದ ಒಂದು ದಿಮ್ಮಿ ಏಳುನೂರು ಕಿಲೋ. ಇದನ್ನು ನಾಲ್ಕು ಜನ ಎತ್ತಲಾರರು. ಆದ್ದರಿಂದ ಅದನ್ನು ಒಂದೊಂದು ಗೇಣಿನ ಬಿಲ್ಲೆಗಳಾಗಿ ಕೊಯ್ದು, ಉರುಳಿಸಿ, ಹಲಗೆಯ ಮೇಲೆ ತಳ್ಳಿ ಲಾರಿಗೆ ಏರಿಸುತ್ತಿದ್ದರು. ಮರ ಕಡಿಯಲು ಅರ್ಧ ದಿನ ಹಿಡಿದರೆ ಅದನ್ನು ಹಿತ್ತಿಲಿನಿಂದ ಬೀದಿಗೆ ಸಾಗಿಸಲು ಒಂದು ದಿನ.

ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ಚಿಪ್ಪರ್ ಬಳಕೆಗೆ ಬಂತು. ಅಲಗು ಕೂರಿಸಿದ ಉರುಳೆ ಜೋರಾಗಿ ತಿರುಗುತ್ತದೆ, ಬಾಯಿಗಿಟ್ಟ ಕೊಂಬೆಯನ್ನು ಕ್ಷಣದಲ್ಲಿ ಚೂರು ಮಾಡಿ ಲಾರಿಯ ಪೆಟ್ಟಿಗೆಗೆ ಉಗುಳುತ್ತದೆ. ಮೊದಮೊದಲ ಯಂತ್ರಗಳಲ್ಲಿ ಕೊಂಬೆ ಕೊಟ್ಟ ಕೂಡಲೇ ಕೆಲಸಗಾರ ತಲೆ ತಗ್ಗಿಸಬೇಕಿತ್ತು, ಇಲ್ಲವಾದರೆ ಕೊಂಬೆಯ ಬಾಲ ಮುಖಕ್ಕೆ ಬಡಿಯುತ್ತಿತ್ತು. ಚಿಪ್ಪರಿನಿಂದ ಲಾರಿಗೆ ಒಂದು ಖಾಯಂ ಸಂಗಾತಿ ಸಿಕ್ಕಂತಾಯಿತು: ಚಕ್ಕೆ ತುಂಬುವ ಪೆಟ್ಟಿಗೆಯ ಲಾರಿ ಮುಂದೆ, ಅದರ ಕೊಕ್ಕೆಗೆ ಸಿಕ್ಕಿಸಿದ ಚಿಪ್ಪರ್ ಹಿಂದೆ. ಲಾರಿಗೆ ಇರುವುದು ಒಂದೇ ಕೊಕ್ಕೆ. ಅದನ್ನು ಚಿಪ್ಪರ್ ಹಿಡಿದು ಕೂತದ್ದೇ ಮುಂದಿನ ತೊಡಕಿಗೆಲ್ಲ ಬೇರು.

ಈ ನಡುವೆ ಒಂದು ರೋಗ ಈ ಕಸುಬಿನ ಗಾತ್ರವನ್ನೇ ಬದಲಿಸಿತು. ಎಲ್ಮ್ ಮರ ನಮ್ಮ ತಪಸಿ ಮರದ ಕುಟುಂಬದ್ದು. ಅಮೆರಿಕದ ಸಾವಿರಾರು ಊರುಗಳ ಬೀದಿಗಳಿಗೆ ಚಪ್ಪರ ಹಾಕಿದ್ದು ಇದೇ ಮರ. ಇದನ್ನು ಒಣಗಿಸುವ ಶಿಲೀಂಧ್ರ ರೋಗವನ್ನು 1920ರ ದಶಕದ ಆರಂಭದಲ್ಲಿ ಹಾಲೆಂಡಿನ ವಿಜ್ಞಾನಿಗಳು, ಅದರಲ್ಲೂ ಬೀ ಶ್ವಾರ್ಟ್ಸ್ ಎಂಬ ಯುವತಿ, ಗುರುತಿಸಿದರು. ಕಂಡುಹಿಡಿದ ಪುಣ್ಯಕ್ಕೆ ‘ಡಚ್ ಎಲ್ಮ್ ರೋಗ’ ಎಂಬ ಹೆಸರು ಆ ದೇಶಕ್ಕೇ ಅಂಟಿತು. ರೋಗ ಅಮೆರಿಕಕ್ಕೆ ಬಂದದ್ದು ದಿಮ್ಮಿ ಸಾಗಣೆಯ ಬೆನ್ನೇರಿಯೇ. ಪೀಠೋಪಕರಣಗಳ ತೆಳುಹಲಗೆಗೆಂದು ಯುರೋಪಿನಿಂದ ತರಿಸಿದ ಎಲ್ಮ್ ದಿಮ್ಮಿಗಳಲ್ಲಿ ಹಡಗು ಹತ್ತಿ, ರೈಲು ಹತ್ತಿ ಒಳನಾಡಿಗೆ ಹೋಯಿತು. 1930ರಲ್ಲಿ ಒಹಾಯೊದಲ್ಲಿ ಕಾಣಿಸಿತು, 1961ರಲ್ಲಿ ಮಿನ್ನೆಸೋಟದ ಸೇಂಟ್ ಪಾಲ್ ಮುಟ್ಟಿತು. ಪಕ್ಕದ ಮಿನಿಯಾಪೊಲಿಸ್ ನಗರ 1977ರ ಒಂದೇ ವರ್ಷದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಎಲ್ಮ್‌ಗಳನ್ನು ಕಳೆದುಕೊಂಡಿತು.

ರೋಗದ ಗುಣವೇ ಸಾಗಣೆಯನ್ನು ತುರ್ತಿನ ಕೆಲಸವಾಗಿಸಿತು. ಶಿಲೀಂಧ್ರವನ್ನು ಹೊತ್ತು ಹಾರುವ ತೊಗಟೆ ದುಂಬಿ ಸತ್ತ, ಸಾಯುತ್ತಿರುವ ಎಲ್ಮಿನ ತೊಗಟೆಯ ಅಡಿಯಲ್ಲೇ ಮೊಟ್ಟೆಯಿಡುತ್ತದೆ. ಕಡಿದ ದಿಮ್ಮಿಯನ್ನು ಹಿತ್ತಿಲಲ್ಲಿ ಸೌದೆಗೆಂದು ಬಿಟ್ಟರೆ ಅದು ದುಂಬಿಗೆ ಬಾಣಂತಿಕೋಣೆಯಾಗುತ್ತದೆ. ಮರ ಉರುಳಿಸಿದರಷ್ಟೇ ಸಾಲದು, ಅದರ ಪ್ರತಿ ತುಂಡನ್ನೂ ಬೇಗ ಎತ್ತಿ ಸಾಗಿಸಿ ತೊಗಟೆಯನ್ನು ನಾಶ ಮಾಡಬೇಕು. ಆ ಕೆಲಸಕ್ಕೆ ಬಾಗಿಲ ಅಗಲದ ದಾರಿಯಲ್ಲಿ ನುಸುಳಿ ಅರ್ಧ ಟನ್ ಎತ್ತಬಲ್ಲ ಯಂತ್ರ ಬೇಕಿತ್ತು.

ಅಂಥ ಯಂತ್ರ ಅಷ್ಟರಲ್ಲಾಗಲೇ ಹುಟ್ಟಿತ್ತು, ಅದೂ ಅದೇ ಮಿನ್ನೆಸೋಟದಲ್ಲಿ. ಆದರೆ ಮರಕ್ಕಾಗಿ ಅಲ್ಲ, ಟರ್ಕಿ ಕೋಳಿಯ ಹಿಕ್ಕೆಗಾಗಿ. ರಾತ್‌ಸೇ ಎಂಬ ಹಳ್ಳಿಯಲ್ಲಿ ಸಿರಿಲ್ ಕೆಲ್ಲರ್, ಲೂಯಿಸ್ ಕೆಲ್ಲರ್ ಎಂಬ ಅಣ್ಣತಮ್ಮಂದಿರು ಕಮ್ಮಾರಿಕೆಯ ಅಂಗಡಿ ಇಟ್ಟಿದ್ದರು. ಎಡ್ಡಿ ವೀಲೊ ಎಂಬ ಟರ್ಕಿ ಸಾಕಣೆಗಾರ 1956ರಲ್ಲಿ ಅವರ ಬಳಿ ತನ್ನ ಕಷ್ಟ ಹೇಳಿಕೊಂಡ. ಅವನ ಕೋಳಿಮನೆಗೆ ಎರಡು ಅಂತಸ್ತು. ಒಳಗೆಲ್ಲ ಕಂಬಗಳು. ಟ್ರ್ಯಾಕ್ಟರ್ ಹೋದರೆ ಕಂಬದ ಸುತ್ತ ತಿರುಗಲಾಗದು, ಮೇಲಂತಸ್ತಿಗೆ ಏರಿಸಿದರೆ ಹಲಗೆ ಕುಸಿಯುತ್ತದೆ. ಅಟ್ಟ ತಡೆಯುವಷ್ಟು ಹಗುರವಾದ, ನಿಂತಲ್ಲೇ ತಿರುಗಬಲ್ಲ ಯಂತ್ರ ಬೇಕು ಎಂದು ಅವನ ಬೇಡಿಕೆ. ಮುಂದೆ ಎರಡು ಚಾಲಕ ಚಕ್ರ, ಹಿಂದೆ ಕುರ್ಚಿಯ ಕಾಲಿಗಿರುವಂಥ ತಿರುಗುವ ಒಂದೇ ಚಕ್ರ ಇಟ್ಟು ಸೋದರರು ಮಾಡಿದ ಲೋಡರ್ 1957ರ ಫೆಬ್ರವರಿ 4ರಂದು ವೀಲೊನ ಕೈಸೇರಿತು. ಮೊದಲು ಚಕ್ರಗಳನ್ನು ಓಡಿಸುತ್ತಿದ್ದ ಬೆಲ್ಟುಗಳು ಬಾಳಿಕೆ ಬರಲಿಲ್ಲ. ಎಡಬಲದ ಚಕ್ರಗಳನ್ನು ಬೇರೆಬೇರೆಯಾಗಿ ಮುಂದಕ್ಕೂ ಹಿಂದಕ್ಕೂ ಓಡಿಸುವ ಕ್ಲಚ್ಚು ಮಾಡಿದ ಮೇಲೆ ಯಂತ್ರ ಕೆಲಸಕ್ಕೆ ನಿಂತಿತು.

1958ರ ಮಿನ್ನೆಸೋಟ ರಾಜ್ಯ ಮೇಳದಲ್ಲಿ ಈ ಪುಟ್ಟ ಯಂತ್ರ ಗರಗರ ತಿರುಗುವುದನ್ನು ನೋಡಲು ಜನ ಮುತ್ತಿದರು. ಉತ್ತರ ಡಕೋಟದ ಗ್ವಿನ್ನರ್ ಎಂಬ ಸಣ್ಣ ಊರಿನ ಮೆಲ್ರೋ ಕಂಪನಿ ತಯಾರಿಕೆಯ ಹಕ್ಕು ಪಡೆದು ಸೋದರರನ್ನೂ ಕೆಲಸಕ್ಕೆ ಕರೆದುಕೊಂಡಿತು. 1960ರಲ್ಲಿ ಬಂದ ಎಂ-400ಕ್ಕೆ ಹಿಂದೆಯೂ ಎರಡು ಚಾಲಕ ಚಕ್ರ. ಸ್ಟೀರಿಂಗ್ ಎಂಬುದೇ ಇಲ್ಲದೆ, ಒಂದು ಮಗ್ಗುಲಿನ ಚಕ್ರಗಳನ್ನು ಓಡಿಸಿ ಇನ್ನೊಂದನ್ನು ತಡೆದು, ನೆಲದ ಮೇಲೆ ಜಾರಿಸಿಕೊಂಡೇ ತಿರುಗುವ ಯಂತ್ರ ಅದು. ‘ಸ್ಕಿಡ್ ಸ್ಟಿಯರ್’ ಎಂಬ ಹೆಸರು ಬಂದದ್ದು ಹೀಗೆ. 1962ರಲ್ಲಿ ‘ಬಾಬ್‌ಕ್ಯಾಟ್’ ಎಂದು ನಾಮಕರಣವಾಯಿತು. ಭಾರತದ ಗುತ್ತಿಗೆದಾರರ ಬಾಯಲ್ಲಿ ಇಂದು ಯಾವ ಕಂಪನಿಯ ಸ್ಕಿಡ್ ಲೋಡರ್ ಆದರೂ ಬಾಬ್‌ಕ್ಯಾಟೇ.

ಅಟ್ಟ ಹತ್ತಲೆಂದು ಇಳಿಸಿದ ತೂಕವೇ ಯಂತ್ರವನ್ನು ಲಾರಿಯ ಮೇಲೂ ಹತ್ತಿಸಿತು. ದೊಡ್ಡ ಲೋಡರಿಗೆ ತಗ್ಗು ಹಾಸಿನ ಭಾರೀ ಟ್ರೈಲರೂ ಅದನ್ನೆಳೆಯುವ ಲಾರಿಯೂ ಬೇಕು. ಬಾಬ್‌ಕ್ಯಾಟನ್ನು ಎರಡು ಅಚ್ಚಿನ ಸಾಮಾನ್ಯ ಟ್ರೈಲರಿನ ಮೇಲೆ ನಿಲ್ಲಿಸಿ ರೈತನ ಪಿಕಪ್ ಎಳೆದೊಯ್ಯಬಹುದಿತ್ತು. ಮರಗೆಲಸಕ್ಕೆ ಅದು ನಿಜಕ್ಕೂ ಒಗ್ಗಿದ್ದು 1970ರಲ್ಲಿ ಬಾಬ್-ಟ್ಯಾಚ್ ಎಂಬ ಜೋಡಣೆ ಬಂದ ಮೇಲೆ. ಅದರಿಂದ ಮಣ್ಣಿನ ಬಕೆಟ್ಟನ್ನು ಕಳಚಿ, ಉಗುರುಗಳಂತೆ ಮುಚ್ಚಿಕೊಳ್ಳುವ ಗ್ರ್ಯಾಪಲ್ ತೊಡಿಸಲು ಕೆಲವೇ ನಿಮಿಷ ಸಾಕಾಯಿತು. ದಿಮ್ಮಿ ಹಿಡಿಯುವುದು, ರೆಂಬೆಯ ರಾಶಿಯನ್ನು ತಬ್ಬಿ ಚಿಪ್ಪರಿನ ಬಾಯಿಗೊಯ್ಯುವುದು, ಬೊಡ್ಡೆ ಅರೆಯುವುದು, ಅಂಗಳ ಗುಡಿಸುವುದು ಎಲ್ಲ ಒಂದೇ ಯಂತ್ರದ ಪಾಲಿಗೆ ಬಂತು.

ಹತ್ತಿಸುವಾಗ ಒಂದು ವಿಚಿತ್ರವಿದೆ. ಹೊಸಬನಿಗೆ ತೋಚುವುದು ಮುಂದುಗಡೆಯಿಂದ ರ‍್ಯಾಂಪ್ ಏರಿಸುವುದು. ಆದರೆ ಸ್ಕಿಡ್ ಲೋಡರಿನ ಎಂಜಿನ್ ಇರುವುದು ಚಾಲಕನ ಬೆನ್ನ ಹಿಂದೆ. ಬಕೆಟ್ ಖಾಲಿಯಿದ್ದಾಗ ಒಟ್ಟು ತೂಕದ ಸುಮಾರು ಮುಕ್ಕಾಲು ಪಾಲು ಹಿಂದಿನ ಚಕ್ರಗಳ ಮೇಲೆ ಕೂತಿರುತ್ತದೆ. ಮುಂದುಗಡೆಯಿಂದ ಏರಿಸಿದರೆ ಭಾರವೆಲ್ಲ ಇಳಿಜಾರಿನ ಕೆಳತುದಿಗೆ ಬಿದ್ದು, ಮುಂಚಕ್ರ ಹಗುರಾಗಿ ಯಂತ್ರ ಹಿಂದಕ್ಕೆ ಮಗುಚುವ ಭಯ. ಭಾರದ ತುದಿ ಯಾವಾಗಲೂ ಏರಿನ ಕಡೆಗಿರಬೇಕು ಎಂಬುದು ಇಲ್ಲಿನ ನಿಯಮ. ಹಾಗಾಗಿ ಅನುಭವಿಯಾದ ಚಾಲಕ ಬಕೆಟ್ಟನ್ನು ನೆಲಕ್ಕಿಂತ ಒಂದು ಗೇಣು ಮೇಲಿಟ್ಟು, ಕತ್ತು ಹೊರಳಿಸಿ ರ‍್ಯಾಂಪಿನ ಎರಡು ಪಟ್ಟಿಗಳನ್ನು ನೋಡುತ್ತ, ಹಿಮ್ಮುಖವಾಗಿ ಇಂಚಿಂಚೇ ಏರುತ್ತಾನೆ. ನಡುದಾರಿಯಲ್ಲಿ ದಿಕ್ಕು ತಿದ್ದಲು ಹೋಗುವುದಿಲ್ಲ. ಚಕ್ರ ಜಾರಿಸಿ ತಿರುಗುವ ಯಂತ್ರ ಒದ್ದೆ ಕಬ್ಬಿಣದ ಮೇಲೆ ಜಾರಿದರೆ ನಿಲ್ಲುವುದು ನೆಲದ ಮೇಲೆಯೇ. ಬಕೆಟ್ ತುಂಬಿದ್ದರೆ ಲೆಕ್ಕ ತಿರುವುಮುರುವಾಗುತ್ತದೆ, ಭಾರವಾದ ಗ್ರ್ಯಾಪಲ್ ತೊಡಿಸಿದ್ದರೆ ಮತ್ತೆ ತೂಗಿನೋಡಬೇಕಾಗುತ್ತದೆ.

ಕೊಕ್ಕೆಯ ತೊಡಕು ಈಗ ಎದುರಾಯಿತು. ಲಾರಿಯ ಹಿಂದೆ ಚಿಪ್ಪರ್ ಇದೆ, ಲೋಡರಿನ ಟ್ರೈಲರನ್ನು ಎಳೆಯುವವರು ಯಾರು? ಎರಡನೇ ಲಾರಿ, ಎರಡನೇ ಚಾಲಕ ಎಂದರೆ ಮೂರು ಜನರ ಸಣ್ಣ ತಂಡಕ್ಕೆ ಮೈಮೇಲಿನ ಸಾಲ. ಇದರ ಜೊತೆಗೆ ಕಾನೂನೂ ಸೇರಿಕೊಂಡಿತು. 1986ರ ಕಾಯ್ದೆಯಂತೆ, 1992ರ ಏಪ್ರಿಲ್ 1ರಿಂದ ಅಮೆರಿಕದಲ್ಲಿ 26,001 ಪೌಂಡ್, ಅಂದರೆ 11,794 ಕಿಲೋ, ಮತ್ತು ಅದಕ್ಕೂ ಹೆಚ್ಚಿನ ಅರ್ಹತಾ ತೂಕದ (ಹೊರೆ ಸೇರಿ ತಯಾರಕ ನಿಗದಿಪಡಿಸಿದ ಗರಿಷ್ಠ ತೂಕದ) ಲಾರಿ ಓಡಿಸಲು ವಿಶೇಷ ವಾಣಿಜ್ಯ ಪರವಾನಗಿ ಬೇಕಾಯಿತು. ಟ್ರೈಲರಿನ ಅರ್ಹತಾ ತೂಕ 10,000 ಪೌಂಡ್ (4,536 ಕಿಲೋ) ಮೀರಿ, ಲಾರಿಯೂ ಟ್ರೈಲರೂ ಸೇರಿ ಆ ಗಡಿ ದಾಟಿದರೂ ಅದೇ ಪರವಾನಗಿ, ಅದರ ಮೇಲಿನ ದರ್ಜೆಯದು. ಗಡಿಯ ಹೊಸ್ತಿಲಲ್ಲೇ ನಿಲ್ಲುವ 26,000 ಪೌಂಡಿನ ಲಾರಿಗಳು ಮರಗೆಲಸದವರ ನೆಚ್ಚಿನವಾದವು. ಇಷ್ಟು ಸಣ್ಣ ಯಂತ್ರದ ಸಾಗಣೆಯನ್ನು ಇಷ್ಟರಮಟ್ಟಿಗೆ ತಿದ್ದಿದ್ದು ಎಂಜಿನಿಯರುಗಳಿಗಿಂತ ಈ ಎರಡು ಅಂಕಿಗಳೇ ಎನ್ನಬಹುದು.

ಟ್ರೈಲರ್ ಬೇಡವೆಂದರೆ ಲಾರಿಯೊಳಗೇ ಒಯ್ಯಬೇಕು. ಅದಕ್ಕೆ ಸ್ಕಿಡ್ ಲೋಡರ್ ಕೂಡ ದೊಡ್ಡದಾಯಿತು. ಇದಕ್ಕೆ ಪರಿಹಾರ ಆಸ್ಟ್ರೇಲಿಯಾದಿಂದ ಬಂತು. ಅಲ್ಲಿ 1980ರ ದಶಕದಲ್ಲಿ ಕಾಂಗಾ, ಡಿಂಗೊ ಎಂಬ ಹೆಸರುಗಳಲ್ಲಿ ಇನ್ನೂ ಪುಟ್ಟ ಲೋಡರುಗಳು ಬೆಳೆದಿದ್ದವು. ಚಾಲಕನಿಗೆ ಸೀಟಿಲ್ಲ, ಹಿಂದೆ ನಿಂತು ಅಥವಾ ನಡೆದು ಓಡಿಸಬೇಕು. ತೂಕ ಒಂದು ಟನ್ನಿನ ಆಚೀಚೆ, ಅಗಲ ಹಿತ್ತಿಲ ಗೇಟಿನಷ್ಟು. 1990ರ ದಶಕದಲ್ಲಿ ಅಮೆರಿಕದ ಟೋರೊ ಕಂಪನಿ ಡಿಂಗೊವನ್ನು ಮಾರುಕಟ್ಟೆಗೆ ತಂದ ಮೇಲೆ ಅದು ಅಲ್ಲಿನ ಮರಗೆಲಸದಲ್ಲೂ ಬೇರೂರಿತು. ಯುರೋಪಿನಲ್ಲಿ ಇದೇ ಜಾಗವನ್ನು ತುಂಬಿದ್ದು, ಫಿನ್ಲೆಂಡಿನಲ್ಲಿ 1991ರಲ್ಲಿ ಶುರುವಾದ ಅವಾಂಟ್ ಕಂಪನಿಯ ಸೊಂಟ ಬಳುಕಿಸಿ ತಿರುಗುವ ಲೋಡರುಗಳು. ಹುಲ್ಲುಹಾಸನ್ನು ಕೆದಕದೆ ತಿರುಗುವುದು ಅವುಗಳ ಹೆಚ್ಚುಗಾರಿಕೆ.

ಪುಟ್ಟ ಯಂತ್ರವನ್ನು ಬೆಳಿಗ್ಗೆ ಚಕ್ಕೆಯ ಪೆಟ್ಟಿಗೆಯೊಳಗೇ ಹತ್ತಿಸಿ ಒಯ್ಯುವುದು ಸುಲಭ, ಆಗ ಪೆಟ್ಟಿಗೆ ಖಾಲಿ. ಸಂಜೆ ಅದೇ ಪೆಟ್ಟಿಗೆಯಲ್ಲಿ ಚಕ್ಕೆ ಸೂರಿನ ತನಕ ತುಂಬಿರುತ್ತದೆ, ಹೋದ ಯಂತ್ರಕ್ಕೆ ಮರಳುವ ಜಾಗವಿಲ್ಲ. ಈ ಪೇಚಿನಿಂದ ಪಾರಾಗಲು ಕೆಲವರು ಚಾಲಕನ ಕೋಣೆಗೂ ಪೆಟ್ಟಿಗೆಗೂ ನಡುವೆ ಜಾಗ ಬಿಟ್ಟು ಹಾಸು ಕಟ್ಟಿಸಿದರು, ಕೆಲವರು ಪೆಟ್ಟಿಗೆಯನ್ನು ಮೊಟಕು ಮಾಡಿಸಿದರು. ಯಾವ ದಾರಿ ಹಿಡಿದರೂ ಒಂದು ಟನ್ ಯಂತ್ರ ಕೂತಲ್ಲಿ ಒಂದು ಟನ್ ಚಕ್ಕೆ ಕಡಿಮೆಯಾಗುತ್ತದೆ. ಕೊಂಚ ದೊಡ್ಡ ಕಂಪನಿಗಳು ಹುಕ್‌ಲಿಫ್ಟ್ ಲಾರಿಗೆ ಹೋದವು. ಅದರ ಬೆನ್ನ ಮೇಲಿನ ಕೊಕ್ಕೆತೋಳು ಪೆಟ್ಟಿಗೆಯನ್ನು ನೆಲಕ್ಕಿಳಿಸಿ, ಲೋಡರ್ ನಿಂತ ಹಾಸನ್ನು ಎಳೆದುಕೊಳ್ಳುತ್ತದೆ. ಒಂದೇ ಲಾರಿ ಎರಡು ವೇಷ ಹಾಕುತ್ತದೆ, ಆದರೆ ಎರಡು ಸಲ ಓಡಾಡಬೇಕು.

ಹತ್ತಿಸಿದ ಯಂತ್ರವನ್ನು ಕಟ್ಟುವುದಕ್ಕೆಂದೇ ಬರಹದ ನಿಯಮ ಬಂದದ್ದು ತಡವಾಗಿ. 2002ರಲ್ಲಿ ಹೊರಬಿದ್ದು 2004ರ ಜನವರಿ 1ರಿಂದ ಜಾರಿಯಾದ ಅಮೆರಿಕದ ಒಕ್ಕೂಟ ನಿಯಮದಂತೆ, 10,000 ಪೌಂಡ್ ಮತ್ತು ಹೆಚ್ಚು ತೂಗುವ ಯಂತ್ರಕ್ಕೆ ಕನಿಷ್ಠ ನಾಲ್ಕು ಕಟ್ಟು ಬೇಕು. ಹೊರೆ ಯಾವುದೇ ಇರಲಿ, ಕಟ್ಟುಗಳ ಒಟ್ಟು ತಾಳಿಕೆ ಅದರ ಅರ್ಧ ತೂಕಕ್ಕಾದರೂ ಸಮವಾಗಿರಬೇಕು. ಪುಟ್ಟ ಲೋಡರುಗಳ ತೂಕ ಆ ಗಡಿಯ ಕೆಳಗೇ ಉಳಿಯುತ್ತದೆ. ಆದರೂ ಜಾಗರೂಕ ತಂಡಗಳು ನಾಲ್ಕು ಮೂಲೆಗೂ ಸರಪಳಿ ಹಾಕುತ್ತವೆ: ಬಕೆಟ್ಟನ್ನು ಹಾಸಿನ ಮೇಲೆ ಒತ್ತಿ, ಎಂಜಿನ್ ಆರಿಸಿ, ಬ್ರೇಕ್ ಹಾಕಿ, ಸರಪಳಿ ಬಿಗಿದು, ಒಂದೆರಡು ಕಿಲೋಮೀಟರ್ ಹೋದ ಮೇಲೆ ಲಾರಿ ನಿಲ್ಲಿಸಿ ಮತ್ತೊಮ್ಮೆ ಜಗ್ಗಿ ನೋಡುತ್ತವೆ. ಆ ಹೊತ್ತಿಗೆ ಟೈರುಗಳು ಕುಳಿತು ಸರಪಳಿ ಒಂದು ಕೊಂಡಿಯಷ್ಟು ಸಡಿಲಾಗಿರುತ್ತದೆ.